ಎಯ್ನೋ ದೋಣಿ ನಡೆಸಿದ ದಿನ

ಇವತ್ತು ಹೆಂಡತಿ ಲೋರ್ನಾ ಮೀನು ಹಿಡಿಯಲಿ, ದೋಣಿ ತಾನು ನಡೆಸುತ್ತೇನೆ ಎಂದು ಎಯ್ನೋ ಘೋಷಿಸಿದಾಗ ಅವನ ದನಿಯಲ್ಲಿ ಅರ್ಧ ರಾಜ್ಯ ದಾನ ಕೊಡುವ ದೊರೆಯ ಗತ್ತಿತ್ತು.

ಮದುವೆಯಾಗಿ ಹನ್ನೆರಡು ವರ್ಷ. ಪ್ರತಿ ಆಗಸ್ಟಿನಲ್ಲೂ ಕೊಲಂಬಿಯಾ ನದಿ ಕಡಲು ಸೇರುವ ಕಡೆ ಅವರ ದೋಣಿ ಸಾಲ್ಮನ್ ಮೀನಿನ ಬೇಟೆಗೆ ಇಳಿಯುತ್ತಿತ್ತು. ಗಾಳ ಎಯ್ನೋನದು. ಸಣ್ಣ ಮೀನು ಕತ್ತರಿಸಿ ಗಾಳಕ್ಕೆ ಚುಚ್ಚುವುದು, ಬುತ್ತಿ ಕಟ್ಟುವುದು, ದೋಣಿ ನೀರಿಗಿಳಿಸುವುದು, ಚುಕ್ಕಾಣಿ, ಬಲೆ, ಮನೆಗೆ ಬಂದ ಮೇಲೆ ಮೀನು ಸೀಳಿ ಹೊಗೆಗೆ ಹಾಕುವುದು, ಇಷ್ಟು ಲೋರ್ನಾಳದು. ಇದನ್ನು ಎಯ್ನೋ 'ಇಬ್ಬರೂ ಸೇರಿ ಮೀನು ಹಿಡಿಯೋದು' ಎನ್ನುತ್ತಿದ್ದ.

ಅಂದು ಆ ವರ್ಷದ ಮೀನುಬೇಟೆಯ ಕಡೆಯ ದಿನ. ನಾಳೆಯಿಂದ ಗಾಳ ಹಾಕುವಂತಿಲ್ಲ. ಲೋರ್ನಾ ಈವರೆಗೆ ಒಂದು ಸಾಲ್ಮನ್ನನ್ನೂ ತನ್ನ ಕೈಯಾರೆ ಎಳೆದಿರಲಿಲ್ಲ.

"ನಿನಗೆ ಬರುತ್ತಾ?" ಎಂದಳು.

"ಚಕ್ರ ತಿರುಗಿಸೋದು ಏನು ಮಹಾ ವಿದ್ಯೆ? ನೀನು ಹಾಯಾಗಿ ಕೂತ್ಕೋ."

ಅವಳು ಕೂತಳು, ಎದ್ದಳು, ಹಿಂದೆ ನೋಡಿದಳು, ಮತ್ತೆ ಕೂತಳು. ಅವಳ ಚಡಪಡಿಕೆ ಎಯ್ನೋನಿಗೆ ತನ್ನ ಮೇಲಿನ ಅಪನಂಬಿಕೆಯಂತೆ ಕಂಡು ರೇಗಿತು.

ಮುನ್ನೂರು ದೋಣಿಗಳು ಗಾಳದ ದಾರಗಳನ್ನು ಹಿಂದೆ ಇಳಿಬಿಟ್ಟು, ಒತ್ತೊತ್ತಾಗಿ, ಒಂದೇ ದಿಕ್ಕಿಗೆ ತೆವಳುತ್ತಿದ್ದವು. ಎಯ್ನೋ ಚಕ್ರವನ್ನು ಅಡ್ಡಕ್ಕೆ ತಿರುಗಿಸಿದ.

"ಅಡ್ಡ ಹೋಗ್ಬೇಡ ಮಾರಾಯ. ಎಲ್ಲರೂ ಹೋಗೋ ಕಡೆ ಹೋಗು."

"ಮೀನಿರೋದು ಆ ಕಡೆ."

"ಎಲ್ಲರ ದಾರ ಇರೋದೂ ಆ ಕಡೆನೇ."

ಪಕ್ಕದ ದೋಣಿಯವನು ಕೈಬೀಸಿ ಕೂಗಿದ: "ಯಾವೂರು ಸ್ವಾಮಿ ನಿಮ್ದು? ನದಿ ನಿಮ್ಮ ಹೆಸರಿಗೆ ಬರೆಸ್ಕೊಂಡು ಬಂದಿದೀರಾ?" ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದ ಎಯ್ನೋ, ಗುರುತಿನವರಿರಬೇಕೆಂದು ತಾನೂ ಕೈಬೀಸಿದ.

ಅಷ್ಟರಲ್ಲಿ ಲೋರ್ನಾಳ ಗಾಳದ ಕೋಲು ಬಿಲ್ಲಿನಂತೆ ಬಾಗಿತು. "ಮೀನು ಬಿತ್ತು!"

ಆ ನೀರಿನಲ್ಲಿ ಯಾರು ಹಾಗೆ ಕೂಗಿದರೂ ಅಕ್ಕಪಕ್ಕದವರು ತಮ್ಮ ಗಾಳ ಎತ್ತಿ ದಾರಿ ಬಿಡುತ್ತಾರೆ. ಈಗಷ್ಟೇ ಬೈದವನೂ ಬೈಗುಳ ನಿಲ್ಲಿಸಿ ದಾರ ಸುತ್ತತೊಡಗಿದ. ಎಯ್ನೋ ಮಾಡಬೇಕಿದ್ದುದು ದೋಣಿಯನ್ನು ನೆಟ್ಟಗಿಡುವುದಷ್ಟೇ. ಅವನು ಚಕ್ರ ಬಿಟ್ಟು ಹೆಂಡತಿಯ ಕಡೆ ಹಾರಿದ.

"ಕೊಡು ಇಲ್ಲಿ, ನಿನ್ನ ಕೈಲಾಗಲ್ಲ."

"ಮುಟ್ಟಿದ್ರೆ ನೀರಿಗೆ ತಳ್ತೀನಿ. ಚಕ್ರ ಹಿಡಿ."

ಹಾರುವಾಗ ಅವನ ಮೊಣಕೈ ತಗುಲಿ ಎಂಜಿನ್ನಿನ ವೇಗ ಏರಿತ್ತು. ದೋಣಿ ನೇರ ಹೋಗಿ ಒಬ್ಬ ಮುದುಕನ ದೋಣಿಗೆ ಧಡ್ಡೆಂದು ಗುದ್ದಿತು. ಅವನ ದಾರ ನೀರೊಳಗೆ ತಿರುಗುವ ಇವರ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡು ಎಂಜಿನ್ ಕೆಮ್ಮಿ ಸತ್ತಿತು.

"ಬಲೆ ತಗೋ, ಮೀನು ಹತ್ರ ಬಂತು," ಎಂದಳು ಲೋರ್ನಾ.

"ಬಲೆ ಎಲ್ಲಿದೆ?"

"ಹನ್ನೆರಡು ವರ್ಷದಿಂದ ಇದ್ದಲ್ಲೇ."

ಎಯ್ನೋ ಬುತ್ತಿಯ ಡಬ್ಬಿಯೊಳಗೂ ಹುಡುಕಿದ. ಮುದುಕ ತಡೆಯಲಾರದೆ ತನ್ನದೇ ಬಲೆ ಚಾಚಿ, ಮೀನನ್ನು ಎತ್ತಿ ಲೋರ್ನಾಳ ಕಾಲ ಬಳಿ ಸುರಿದ. ಹತ್ತು ಕಿಲೋಗೆ ಕಡಿಮೆಯಿಲ್ಲ. ಅವಳು ಅದರ ಮೇಲೆ ಎರಡೂ ಕೈಯಿಟ್ಟು, ಅಂದು ಮೊದಲ ಬಾರಿಗೆ, ಅಲ್ಲಾಡದೆ ಕೂತಳು.

ಎಯ್ನೋ ಹಿಂದೆ ಬೋರಲು ಮಲಗಿ ರೆಕ್ಕೆಗೆ ಸುತ್ತಿದ ದಾರ ಬಿಡಿಸುತ್ತಿದ್ದ. ಎಂಜಿನ್ ನಿಂತಿದ್ದರಿಂದ ಈಗ ಎಲ್ಲ ಮಾತೂ ಕೇಳಿಸುತ್ತಿತ್ತು.

"ಒಳ್ಳೇ ಮೀನಮ್ಮ," ಎಂದ ಮುದುಕ. "ಒಂದು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ವರ್ಷ ವರ್ಷ ನೋಡ್ತಿದೀವಿ, ದುಡ್ಡು ತಗೊಂಡು ಜನರನ್ನ ಮೀನು ಹಿಡಿಸೋಕೆ ಕರ್ಕೊಂಡು ಬರೋ ದೋಣಿಯವರಲ್ಲಿ ನಿಮ್ಮಂಥೋರು ಇನ್ನೊಬ್ಬರಿಲ್ಲ. ಆದ್ರೆ ಎಂಥಾ ಗಿರಾಕಿನೇ ಆಗ್ಲಿ, ಚುಕ್ಕಾಣಿ ಮಾತ್ರ ಕೈಗೆ ಕೊಡಬಾರದು."

"ಗಿರಾಕಿ ಅಲ್ಲ ತಾತ. ನನ್ನ ಗಂಡ."

ಮುದುಕ ತನ್ನ ಬಲೆ ಒಳಗೆಳೆದುಕೊಳ್ಳುತ್ತ ಎಯ್ನೋನ ಒದ್ದೆ ಬೆನ್ನನ್ನು ನೋಡಿದ.

"ಛೆ," ಎಂದ, "ಹಾಗಾದ್ರೆ ಮುಂದಿನ ವರ್ಷ ಬರಬೇಡ ಅನ್ನೋಕೂ ಆಗಲ್ಲ."