ಹೊಸ ಅಕ್ಕಿಗೂ ‘ಕಟ್’ ಎನ್ನುವ ಹದಿನಾಲ್ಕು ಕಿರೀಟಗಳಿಗೆ

ನನ್ನ ಬಾಯಿಯ ಮೇಲ್ಮನೆ ಹಾಗೂ ಕೆಳಮನೆಗಳಲ್ಲಿ ಕಳೆದ ಯುಗಾದಿಯಿಂದ ವಿರಾಜಮಾನರಾಗಿರುವ ಜಿರ್ಕೋನಿಯಾ ಕಿರೀಟಗಳ ಘನ ಸನ್ನಿಧಾನಕ್ಕೆ, ಚಾಮರಾಜಪೇಟೆಯ ಅಕ್ಕಿ ವ್ಯಾಪಾರಿ ವೃಷಭೇಂದ್ರಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ,

ಮೇಲಿನ ಆರು ಮಂದಿ, ಕೆಳಗಿನ ಎಂಟು ಮಂದಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದಿನಕ್ಕೆರಡು ಸಲ ಬ್ರಷ್ ಹಿಡಿದು ವಿಚಾರಿಸಿಕೊಳ್ಳುತ್ತಿರುವವನೇ ನಾನಾದ್ದರಿಂದ ನಂಬದೆ ಗತಿಯಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ತಾವು ಬಹಿರಂಗವಾಗುವುದರಿಂದ ಈ ಪತ್ರವನ್ನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗಿಂತ ಮೊದಲು ಆ ಸ್ಥಾನಗಳಲ್ಲಿದ್ದವರು ಬರೀ ಹಲ್ಲುಗಳು, ಕಿರೀಟವಿಲ್ಲದ ಬಡವರು. ಆದರೆ ನಲವತ್ತೆರಡು ವರ್ಷ ನನ್ನ ಅಕ್ಕಿ ಮಂಡಿ ನಡೆದದ್ದು ಅವರಿಂದ. ಒಂದು ಕಾಳು ಬಾಯಿಗೆ ಹಾಕಿ ಕಡಿದರೆ ‘ಕಟ್’ ಎಂದು ಎರಡು ತುಂಡಾಗಬೇಕು, ಅದು ಹಳೇ ಅಕ್ಕಿ. ‘ಪಿಸ್’ ಎಂದು ಮೆತ್ತಗೆ ಹಿಟ್ಟಾದರೆ ಹೊಸದು. ದಿನಕ್ಕೆ ಮೂವತ್ತು ಕಾಳಿನಂತೆ ಲೆಕ್ಕ ಹಾಕಿದರೆ, ಭಾನುವಾರ ಬಿಟ್ಟು, ನಾಲ್ಕು ಲಕ್ಷ ಕಾಳಿನ ಹತ್ತಿರ ಬರುತ್ತದೆ. ಸವೆಯದೆ ಇನ್ನೇನಾದೀತು? ಶಂಕರಪುರಂನ ಹಲ್ಲಿನ ಡಾಕ್ಟರು ರಮ್ಯಾ ಅವರು ಟಾರ್ಚು ಬಿಟ್ಟು ನೋಡಿ, “ಅಂಕಲ್, ಇಲ್ಲಿ ಬರೀ ಪಾಯ ಉಳ್ದಿದೆ, ಮನೆ ಎಲ್ಲೋಯ್ತು?” ಎಂದರು. ಹಾಗೆ ಆ ಪಾಯದ ಮೇಲೆ ತಾವು ದಯಮಾಡಿಸಿದಿರಿ. ಲೋಕ ತಮ್ಮನ್ನು ಕ್ಯಾಪ್ ಎನ್ನುತ್ತದೆ, ಡಾಕ್ಟರು ಕ್ರೌನ್ ಎಂದರು. ಹದಿನಾಲ್ಕು ಕಿರೀಟ ಒಟ್ಟಿಗೆ ಧರಿಸಿದ ಮಹಾರಾಜ ನಮ್ಮ ಪೇಟೆಯಲ್ಲಿ ನಾನೊಬ್ಬನೇ ಎಂದು ನಾನೂ ಹಿಗ್ಗಿದೆ.

ತಮ್ಮ ಗುಣಗಾನಕ್ಕೆ ಪದಗಳು ಸಾಲವು. ತಾವು ಬಂದ ಮೇಲೆ ನನ್ನ ಮುಖ ಅರ್ಧ ಇಂಚು ಉದ್ದವಾಗಿದೆ, ಚಕ್ಕುಲಿ ಹೆದರುತ್ತದೆ, ಕೋಡುಬಳೆ ತಾನಾಗಿಯೇ ಮುರಿದುಕೊಳ್ಳುತ್ತದೆ. ತಮ್ಮಲ್ಲಿರುವುದು ಒಂದೇ ಸದ್ಗುಣ, ಅದೇ ನನ್ನ ದೂರು: ತಾವು ಯಾರಲ್ಲೂ ಭೇದ ಎಣಿಸುವುದಿಲ್ಲ. ಹಳೇ ಅಕ್ಕಿಗೂ ‘ಕಟ್’, ಹೊಸ ಅಕ್ಕಿಗೂ ‘ಕಟ್’. ಮೊನ್ನೆ ಪರೀಕ್ಷೆಗೆಂದು ನೆನೆಸಿದ ಹೆಸರುಬೇಳೆ ಕಡಿದೆ. ಅದಕ್ಕೂ ‘ಕಟ್’ ಎಂದಿರಿ. ಇಷ್ಟು ಸಮದೃಷ್ಟಿ ವ್ಯಾಪಾರಕ್ಕಾಗದು ಸ್ವಾಮಿ.

ಮಗಳು ಶರಣ್ಯಳ ನಿಶ್ಚಿತಾರ್ಥದ ದಿನ ತಾವು ಮಾಡಿದ್ದನ್ನು ನೆನೆಯಿರಿ. ಬೀಗರಾಗುವ ಶಿವಲಿಂಗಯ್ಯನವರ ಎದುರಿಗೆ, ನನ್ನ ವಿದ್ಯೆಯೂ ಒಂಚೂರು ಕಾಣಲಿ ಎಂದು, ಛತ್ರದ ಅಡುಗೆಮನೆಯಲ್ಲಿ ಹೊಸದಾಗಿ ಬಂದಿದ್ದ ಮೂಟೆಯಿಂದ ಕಾಳು ತೆಗೆದು ಕಡಿದೆ. ತಾವು ‘ಕಟ್’ ಎಂದಿರಿ. “ಎರಡು ವರ್ಷದ ಹಳೇ ಅಕ್ಕಿ, ಒಂದಕ್ಕೆ ಮೂರು ನೀರು ಬಿಡಿ” ಎಂದು ಅಡುಗೆಯವರಿಗೆ ಅಪ್ಪಣೆ ಮಾಡಿದೆ. ಅವರು ಅನುಮಾನಿಸಿದರೂ ನಾನು ಬಿಡಲಿಲ್ಲ. ಮೂಟೆಯಲ್ಲಿದ್ದದ್ದು ಹೊಸ ಅಕ್ಕಿ, ಅಷ್ಟು ನೀರಿಗೆ ಎಲೆಯ ಮೇಲೆ ಬಿದ್ದದ್ದು ಅನ್ನವಲ್ಲ. ಶಿವಲಿಂಗಯ್ಯನವರು ಬೆರಳಿಗೆ ಮೆತ್ತಿದ್ದನ್ನು ಬಿಡಿಸಿಕೊಳ್ಳುತ್ತಾ, “ಏನ್ ಬೀಗ್ರೇ, ಊಟಕ್ ಕರ್ದಿದೀರೋ, ಗೋಡೆಗೆ ಪೋಸ್ಟರ್ ಅಂಟ್ಸೋಕ್ ಕರ್ದಿದೀರೋ?” ಎಂದರು. ಪಂಕ್ತಿ ಪೂರಾ ನಕ್ಕಿತು. ಕೈ ತೊಳೆದ ಮೇಲೆ ಇನ್ನೂ ಮೆಲ್ಲಗೆ ಹೇಳಿದರು: “ಮದ್ವೆ ಅಕ್ಕಿ ನಮ್ ಕಡೆಯಿಂದ್ಲೇ ಬರ್ಲಿ ಬಿಡಿ.”

ಅಕ್ಕಿ ವ್ಯಾಪಾರಿಯ ಮಗಳ ಮದುವೆಗೆ ಗಂಡಿನ ಕಡೆಯವರು ಅಕ್ಕಿ ತರುವುದೆಂದರೆ ನಾನು ಮಂಡಿ ಬಾಗಿಲು ಹಾಕಿ ಬೀಗದ ಕೈಯನ್ನೂ ಅವರಿಗೇ ಕೊಟ್ಟಂತೆ. ಕೈಕಾಲು ಹಿಡಿದ ಮೇಲೆ ಒಂದು ಅವಕಾಶ ಕೊಟ್ಟಿದ್ದಾರೆ: ಬರುವ ಭಾನುವಾರ ಎರಡು ಪೊಟ್ಟಣ ತರುತ್ತಾರೆ, ಹಳೆಯದು ಯಾವುದೆಂದು ನಾನು ಕಡಿದು ಹೇಳಬೇಕು.

ಆದ್ದರಿಂದ ಮಾನ್ಯರೇ, ಭಾನುವಾರದೊಳಗೆ ತಾವು ಹದಿನಾಲ್ಕೂ ಮಂದಿ ಒಂದು ತುರ್ತು ಸಭೆ ಸೇರಿ ‘ಪಿಸ್’ ಎನ್ನುವುದನ್ನು ಕಲಿಯಬೇಕೆಂದು, ಸಾಧ್ಯವಾಗದಿದ್ದರೆ ಬಲಗಡೆಯ ಇಬ್ಬರಾದರೂ ಅರ್ಧ ದಿನ ರಜೆ ಹಾಕಬೇಕೆಂದು, ಅದೂ ಆಗದಿದ್ದರೆ ಛತ್ರದ ತೀರ್ಪು ತಮ್ಮದೇ ಹೊರತು ನನ್ನದಲ್ಲವೆಂದು ಬೀಗರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಮನೆಯಾಕೆ ಶೈಲಜಮ್ಮ ಹಿಂದೆ ನಿಂತು ಓದಿ, “ಪಾಪ, ಅವುಗಳ್ನ ಯಾಕ್ರೀ ಬೈತೀರಾ?” ಎಂದಳು. ಅವಳಿಗೊಂದು ಹಳೆಯ ಚಾಳಿಯಿದೆ. ಮಂಡಿಯಿಂದ ಮನೆಗೆ ತಂದ ಮಾದರಿಯನ್ನು ನಾನು ಕಡಿದ ಮೇಲೆ ತಾನೂ ಒಂದು ಕಾಳು ಬಾಯಿಗೆ ಹಾಕಿಕೊಂಡು, ಒಮ್ಮೊಮ್ಮೆ, “ಇನ್ನೊಂದ್ ಕಾಳು ಕಡೀರಿ” ಎನ್ನುವುದು. ಹೆಂಗಸರ ಕೊಸರಾಟ ಎಂದುಕೊಂಡು ಕಡಿಯುತ್ತಿದ್ದೆ. ಈಗ ಕೂತು ಲೆಕ್ಕ ತೆಗೆದರೆ, ಅವಳು ಹಾಗೆಂದಾಗಲೆಲ್ಲ ಎರಡನೇ ಕಾಳು ನನಗೆ ಬೇರೆಯದೇ ಹೇಳಿದೆ. ಆ ಎರಡನೇ ತೀರ್ಪು ಒಂದು ಸಲವೂ ತಪ್ಪಿಲ್ಲ. ನಿಶ್ಚಿತಾರ್ಥದ ದಿನ ಅವಳು ಒಳಗೆ ಮಗಳಿಗೆ ಹೂ ಮುಡಿಸುತ್ತಿದ್ದಳು. “ಹತ್ತು ವರ್ಷದಿಂದ ನಿಮ್ ಸವೆದ್ ಹಲ್ಲು ಏನ್ ಹೇಳ್ತಿತ್ತು ರೀ? ನಾನ್ ಹೇಳ್ತಿದ್ದೆ” ಎಂದು ಕಾಫಿ ಲೋಟ ಇಟ್ಟು ಹೋದಳು.

ದೂರನ್ನು ಹಿಂತೆಗೆದುಕೊಂಡಿಲ್ಲ, ಪಕ್ಕಕ್ಕಿಟ್ಟಿದ್ದೇನೆ.

ಅಂಟು ಬಿಡುವವರೆಗೂ ತಮ್ಮ ವಿಶ್ವಾಸಿ,
ವೃಷಭೇಂದ್ರಪ್ಪ

ತಾ.ಕ.: ಭಾನುವಾರ ಶೈಲಜಮ್ಮ ನನ್ನ ಪಕ್ಕದಲ್ಲೇ ಕೂರುತ್ತಾಳೆ. ‘ಕಟ್’ ಎನ್ನುವುದು ತಮ್ಮ ಕೆಲಸ, ಕಣ್ಣು ಮುಚ್ಚಿ ತಲೆದೂಗುವುದು ನನ್ನದು, ಹಳೆಯದು ಯಾವುದೆಂದು ತಿಳಿಯುವುದು ಅವಳದು. ತಮಗೆ ಕಿರೀಟವೆಂದು ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ಮೇಲೆ ಕೂತು ಹೊಳೆಯುತ್ತಿರಿ, ಸಾಕು.