ರವಿವಾರದ ಸೂಟಿ

ಮಚ್ಛೆಯ ಪಂಪಿನ ಕಾರ್ಖಾನೆಯಲ್ಲಿ ರವಿವಾರದ ಸೂಟಿ ಸಂಸಾರಸ್ಥರಿಗೆ ಮಾತ್ರ. ಲಗ್ನವಾಗದ ಮಯೂರನಿಗೆ ಏಳು ವರ್ಷದಿಂದ ಮಂಗಳವಾರವೇ ಗತಿ. ಅವನು ಪ್ರೀತಿಸುವ ಆಶಿಶ್‌ನಿಗೋ, ಖಾನಾಪುರದ ಔಷಧಿ ಅಂಗಡಿಯಲ್ಲಿ ರವಿವಾರ ಸೂಟಿ. ಹಬ್ಬ ಬಿಟ್ಟರೆ ಇಬ್ಬರೂ ಒಂದು ಇಡೀ ಹಗಲನ್ನು ಜೊತೆಯಾಗಿ ಕಂಡವರಲ್ಲ.

ಸೋಮವಾರ ಬೆಳಿಗ್ಗೆ ಎಚ್.ಆರ್. ತ್ರಿಶಲಾ ಎಲ್ಲರನ್ನೂ ಸೇರಿಸಿ ಹೊಸ ನಿಯಮ ಓದಿದಳು: ಜಾತಿ, ಲಗ್ನ, ಯಾರು ಯಾರನ್ನು ಪ್ರೀತಿಸುತ್ತಾರೆ, ಇಂಥ ಯಾವ ಕಾರಣಕ್ಕೂ ನೌಕರರಲ್ಲಿ ಭೇದ ಮಾಡುವಂತಿಲ್ಲ.

"ಏನರ ಕೇಳೂದೈತೇನ್ರಿ?"

ಮಯೂರನ ಕೈ ಅವನ ಅಪ್ಪಣೆ ಕೇಳದೆ ಮೇಲೆದ್ದಿತು. "ನನಗೂ ರವಿವಾರ ಸೂಟಿ ಬೇಕ್ರಿ."

"ನಿನಗ್ಯಾಕೋ?" ಫೋರ್‌ಮನ್ ಪಾಯಪ್ಪ ನಕ್ಕ. "ಮನ್ಯಾಗ ಹೆಂಡ್ತಿ ಕಾಯಾಕತ್ತಾಳೇನು?"

"ಹೆಂಡ್ತಿ ಅಲ್ರಿ. ಆಶಿಶ್ ಅಂತ, ಖಾನಾಪುರದಾಂವ. ನಾವಿಬ್ರೂ ಕೂಡಿ ಆರು ವರ್ಷಾತು."

ಇಬ್ಬರು ಮುಖ ತಿರುಗಿಸಿ ಹೊರನಡೆದರು. ವಾಶರ್ ಸವೆದ ನಲ್ಲಿಯಂತೆ ಮಯೂರ ಬೆವರಿದ. ಇವತ್ತಿಗೆ ನೌಕರಿ ಮುಗಿಯಿತು ಎಂದುಕೊಂಡ.

ಪಾಯಪ್ಪ ತಲೆ ಕೆರೆದುಕೊಂಡ. "ಆರು ವರ್ಷ? ಅಷ್ಟೂ ರವಿವಾರ ನಿನ್ನ ಇಲ್ಲೇ ದುಡಿಸೇನಲ್ಲೋ! ಮೊದ್ಲ ಹೇಳಬಾರ್ದೇನು, ಹುಚ್ಚಪ್ಪಾ? ನನ್ನ ರವಿವಾರ ತಗೋ."

"ಆ ಹುಡುಗಗ ಊಟಕ್ಕ ಏನ ಸೇರತೈತಿ?" ಪ್ಯಾಕಿಂಗಿನ ಚಂದ್ರಭಾಗಾ ಆಗಲೇ ವಿಚಾರಣೆಗೆ ಇಳಿದಿದ್ದಳು. "ಕರ್ರಗದಾನೋ, ಬೆಳ್ಳಗದಾನೋ? ಮನಿ ಸ್ವಂತದ್ದೇನು?"

ಈ ಗದ್ದಲದಲ್ಲೇ ತ್ರಿಶಲಾ ಮೂರು ತಿಂಗಳ ಪಾಳಿ ಪಟ್ಟಿ ತಿದ್ದಿ ಸಹಿ ಹಾಕಿದಳು. "ಇವತ್ತಿಂದನ ಜಾರಿ. ಇನ್ನ ಬದಲಿಲ್ಲ."

ಸಂಜೆ ಖಾನಾಪುರದಲ್ಲಿ ಬಸ್ಸಿಳಿದ ಮಯೂರ ಬಾಯಿ ತೆರೆಯುವಷ್ಟರಲ್ಲಿ ಆಶಿಶ್ ಓಡಿಬಂದ.

"ನಾ ಮೊದ್ಲ ಹೇಳ್ತೀನಿ! ಇವತ್ತ ಮಾಲಕಿ ಹೀರಾಬಾಯಿ ಮುಂದ ನಮ್ಮಿಬ್ರದೂ ಎಲ್ಲಾ ಹೇಳಿಬಿಟ್ಟೆ. ಕೆಲಸಾ ಬಿಡಸ್ತಾಳ ಅಂತ ಅಂಜಿದ್ದೆ. 'ಖರೇನ? ಹಂಗಾದ್ರ ಅಂವನ ಸೂಟಿ ದಿನಾನ ನೀನೂ ತಗೋ' ಅಂದ್ಲು. ನನ್ನ ರವಿವಾರ ನಮ್ಮ ಅಂಗಡಿ ರಸಿಕಾಗ ಕೊಟ್ಟೆ. ಆಕಿ ಆಗ್ಲೇ ತವರಮನಿಗೆ ಫೋನ್ ಮಾಡ್ಯಾಳ. ನಾಳೇನ ಮಂಗಳವಾರ! ಹೇಳು, ಎಲ್ಲಿಗೆ ಹೋಗೂಣು?"

ಮಯೂರ ಅಲ್ಲೇ ಕಟ್ಟೆಯ ಮೇಲೆ ಕುಳಿತ.

"ನಾನು ಮಚ್ಛೆಗೆ" ಎಂದ. "ಡ್ಯೂಟಿಗೆ. ಇವತ್ತಿಂದ ನನಗ ರವಿವಾರ ಸೂಟಿ."

ಸಂಗತಿ ತಲೆಗಿಳಿದ ಮೇಲೆ ಆಶಿಶ್ ಪಕ್ಕದಲ್ಲೇ ಕುಳಿತು ಮೊದಲು ನಕ್ಕ, ಆಮೇಲೆ ಮಯೂರ. ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುತ್ತಿದ್ದರೂ ಇಬ್ಬರಲ್ಲಿ ಯಾರೂ ಸರಿದು ಕೂರಲಿಲ್ಲ.