ಪಿ.ಟಿ. ಮೇಷ್ಟ್ರು ಬ್ಯಾಲೆ ಕಲಿತದ್ದು

ಸ್ಕೂಲಿನಲ್ಲಿ ಯಾವ ಕೆಲಸಕ್ಕೆ ಜನ ಸಿಗೋದಿಲ್ಲವೋ ಆ ಕೆಲಸ ಮೈದಾನದ ತುದಿಯಲ್ಲಿ ನಿಂತಿರೋ ನನ್ನನ್ನೇ ಹುಡುಕ್ಕೊಂಡು ಬರುತ್ತೆ. ನನ್ನ ಗ್ರಹಚಾರವೇ ಹಾಗೆ. ಇಪ್ಪತ್ತೆರಡು ವರ್ಷದಿಂದ ತಿಪಟೂರಿನ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ನಾನು. ಕಬಡ್ಡಿ, ಖೋಖೋ, ಡ್ರಿಲ್ಲು ನನ್ನ ಕೆಲಸ. ಆದರೆ ಹೆಡ್‌ಮಿಸ್ ರೂಮಿನಲ್ಲಿ ಜೇನು ಕಟ್ಟಿದಾಗ ಬಿಡಿಸಿದವನು ನಾನು, ಸ್ಕೂಲ್ ಡೇ ದಿನ ಅತಿಥಿಗಳಿಗೆ ಕೊಡೆ ಹಿಡಿದವನು ನಾನು, ನಾಟಕದಲ್ಲಿ ಆನೆಯ ಹಿಂದಿನ ಕಾಲಾದವನೂ ನಾನೇ. ಹೋದ ದಸರಾ ರಜೆಯಲ್ಲಿ ಬ್ಯಾಲೆ ಬಂದು ವಕ್ಕರಿಸಿಕೊಂಡಿತು.

ಬ್ಯಾನರ್ ಮೊದಲು, ಮೇಷ್ಟ್ರು ಆಮೇಲೆ

ನಮ್ಮೂರಿನ ಇನ್ನೊಂದು ಸ್ಕೂಲಿನವರು ಕುದುರೆ ಸವಾರಿ ಕಲಿಸೋಕೆ ಶುರು ಮಾಡಿದರು. ಕುದುರೆ ಇದ್ದದ್ದು ಒಂದೇ, ಅದೂ ಮದುವೆ ಮೆರವಣಿಗೆಗೆ ಹೋಗಿ ಬರೋದು. ಆದರೂ ನಮ್ಮ ಸೆಕ್ರೆಟರಿಗೆ ಊಟ ಸೇರಲಿಲ್ಲ. ವಾರದೊಳಗೆ ನಮ್ಮ ಗೇಟಿನ ಮೇಲೆ ‘ಇನ್ನು ಮುಂದೆ ನಮ್ಮಲ್ಲಿ ಬ್ಯಾಲೆ’ ಅಂತ ದೊಡ್ಡ ಬ್ಯಾನರ್ ಬಿತ್ತು. ಬ್ಯಾನರ್ ಕಟ್ಟಿಸಿದ ಮೇಲೆ ಸ್ಟಾಫ್ ಮೀಟಿಂಗ್ ಕರೆದು, “ಬ್ಯಾಲೆ ಅಂದ್ರೆ ಏನು ಅಂತ ಯಾರಿಗಾದ್ರೂ ಗೊತ್ತಾ?” ಅಂತ ಕೇಳಿದರು.

ಕನ್ನಡ ಮೇಷ್ಟ್ರಿಗೆ ತಕ್ಷಣ ಮಂಡಿನೋವು ಬಂತು. ಹಿಂದಿ ಮೇಡಂ ತಮ್ಮ ಅತ್ತೆಯವರಿಗೆ ಹುಷಾರಿಲ್ಲ ಅಂದರು. ಆ ಅತ್ತೆಯವರನ್ನ ನಾನು ಬೆಳಿಗ್ಗೆ ತಾನೇ ಮಾರ್ಕೆಟ್ಟಿನಲ್ಲಿ ನೋಡಿದ್ದೆ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

“ಅದೇನೋ ಫಾರಿನ್ ಡ್ಯಾನ್ಸಂತೆ, ನೀವು ಹೆಂಗೂ ಮಕ್ಕಳನ್ನ ಎಗರಿಸ್ತೀರಲ್ಲ,” ಅಂದರು ಸೆಕ್ರೆಟರಿ. “ಬೆಂಗಳೂರಿನ ಜಯನಗರದಲ್ಲಿ ಮೂರು ದಿನದ ವರ್ಕ್‌ಶಾಪ್ ಇದೆ. ಸರ್ಟಿಫಿಕೇಟ್ ತನ್ನಿ. ತರಲಿಲ್ಲ ಅಂದ್ರೆ ಬೆಂಗಳೂರಿಂದಲೇ ಯಾರನ್ನಾದ್ರೂ ಕರೆಸ್ತೀನಿ. ಅವರೇ ಪಿ.ಟಿ.ನೂ ನೋಡ್ಕೋತಾರೆ.”

ನನಗೆ ನಲವತ್ತೇಳು. ಈ ವಯಸ್ಸಲ್ಲಿ ಕೆಲಸ ಹೋದರೆ ನನ್ನನ್ನ ಯಾರು ಇಟ್ಕೋತಾರೆ? ನಿಜವಾಗಲೂ ಹೆದರಿಕೆ ಆಯಿತು. ಬ್ಯಾಗು ತುಂಬಿಸಿಕೊಂಡು ರೈಲು ಹತ್ತಿದೆ.

ಇಲ್ಲದಿರೋ ಊರಿನ ದಾರಿ

ಜಯನಗರದ ಪಕ್ಕದ ಯಡಿಯೂರಿನಲ್ಲಿ ನಮ್ಮ ಅಕ್ಕನ ಮನೆ. ಭಾವ ಅಲ್ಲಿಯ ಹಳಬರು. ಅವರಪ್ಪ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಇವರು ಬಾಡಿಗೆ ಮನೆಗಳನ್ನ ಬೆಳೆದಿದ್ದಾರೆ. ವರ್ಕ್‌ಶಾಪ್ ಇದ್ದದ್ದು ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ. ದಾರಿ ಹೇಗೆ ಭಾವ ಅಂದೆ.

“ಆಟೋ ಎಲ್ಲಾ ಯಾಕೋ, ಎರಡು ಹೆಜ್ಜೆ. ನಮ್ಮ ಚಿಕ್ಕಪ್ಪನ ಹೊಲ ಇತ್ತಲ್ಲ, ಅದನ್ನ ದಾಟು. ಬಾವಿ ಇತ್ತು, ಮುಚ್ಚಿದಾರೆ, ಅಲ್ಲಿ ಬಲಕ್ಕೆ ತಿರುಗು. ಆಮೇಲೆ ದೊಡ್ಡ ಹುಣಸೆಮರ. ಕಡಿದು ಹದಿನೈದು ವರ್ಷ ಆಯ್ತು. ಅದರ ಎದುರಿಗೇ.”

“ಮೇನು, ಕ್ರಾಸು ನಂಬರ್ ಹೇಳಿ ಭಾವ.”

“ಅದೆಲ್ಲಾ ಹೊರಗಿನವರಿಗೆ ಕಣೋ.”

ಮುಚ್ಚಿದ ಬಾವಿ ಹುಡುಕುತ್ತಾ ಮುಕ್ಕಾಲು ಗಂಟೆ ಸುತ್ತಿದೆ. ಒಂದು ಕ್ರಾಸಿನಲ್ಲಿ ಕೇಳಿದರೆ ನಾಲ್ಕನೇ ಬ್ಲಾಕು ಅಂತಾರೆ. ಟಿ ಎಲ್ಲಿ ಅಂದರೆ ಟೀ ಅಂಗಡಿ ತೋರಿಸ್ತಾರೆ. ಒಂದು ದಿನ ಗೈರುಹಾಜರಾದರೂ ಸರ್ಟಿಫಿಕೇಟ್ ಇಲ್ಲ ಅಂತ ಮೊದಲೇ ತಿಳಿಸಿದ್ದರು. ಕೊನೆಗೆ ಮಾನ ಬಿಟ್ಟು, ಅಪಾರ್ಟ್‌ಮೆಂಟ್ ಮುಂದೆ ಕೂತಿದ್ದ ಒಬ್ಬ ಅಜ್ಜನನ್ನ ಕೇಳಿದೆ: “ತಾತ, ಇಲ್ಲಿ ಹುಣಸೆಮರ ಎಲ್ಲಿ ಇಲ್ಲ?”

ಅಜ್ಜ ತಲೆಯನ್ನೂ ಎತ್ತದೆ, “ಇಲ್ಲೇ ಇಲ್ಲ,” ಅಂತ ಎದುರಿನ ಬಿಲ್ಡಿಂಗಿನ ಕಡೆ ಕೈ ತೋರಿಸಿದರು. ಮೊದಲನೇ ಮಹಡಿಯಲ್ಲಿ ಬ್ಯಾಲೆ ಬೋರ್ಡಿತ್ತು.

ಬೆಂಚಿನ ಮೇಲೆ

ಕೌಂಟರಿನಲ್ಲಿದ್ದ ಹುಡುಗಿ ನನ್ನ ಮೀಸೆ ನೋಡಿ, ಹೊಟ್ಟೆ ನೋಡಿ, “ಪೇರೆಂಟ್ಸ್ ಎಲ್ಲಾ ಆ ಬೆಂಚಲ್ಲಿ ಕೂತ್ಕೊಳಿ ಅಂಕಲ್” ಅಂದಳು. ಕೂತ್ಕೋ ಅಂದರೆ ಕೂರೋದು, ನಿಂತ್ಕೋ ಅಂದರೆ ನಿಲ್ಲೋದು ನಾನು ಇಪ್ಪತ್ತೆರಡು ವರ್ಷ ಕಲಿಸಿರೋ ಶಿಸ್ತು. ಕೂತೆ.

ಪಕ್ಕದಲ್ಲಿ ಐದಾರು ತಾಯಂದಿರು. ಒಬ್ಬರು ಡಬ್ಬಿ ತೆಗೆದು ಕೋಡುಬಳೆ ಕೊಟ್ಟರು. ಇನ್ನೊಬ್ಬರು ನನ್ನನ್ನ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಮಕ್ಕಳಿಗೆ ಸೋಮವಾರ ಈಜು, ಮಂಗಳವಾರ ಚೆಸ್ಸು, ಬುಧವಾರ ಅಬಾಕಸ್ಸು, ಗುರುವಾರ ಕೀಬೋರ್ಡು. ಆಟ ಯಾವತ್ತು ಅಂದೆ. “ಅದಕ್ಕೂ ಒಂದು ಕೋಚಿಂಗ್ ಹುಡುಕ್ತಾ ಇದೀವಿ” ಅಂದರು.

ಕೋಡುಬಳೆಯವರು ನನ್ನನ್ನ ಕೇಳಿದರು: “ನಿಮ್ಮದು ಯಾವುದು ಸಾರ್?”

“ಇನ್ನೂ ಒಳಗೆ ಹೋಗಿಲ್ಲ ಮೇಡಂ.”

“ಅಯ್ಯೋ ಪಾಪ, ಅಳ್ತಿದ್ಯಾ?”

“ಇನ್ನೇನು ಶುರು ಮಾಡುತ್ತೆ” ಅಂದೆ. ಅಷ್ಟರಲ್ಲಿ ಒಳಗಿನಿಂದ ಹಾಜರಿ ಕೂಗಿದರು. ಬಾಯಿತುಂಬ ಕೋಡುಬಳೆ ಇಟ್ಟುಕೊಂಡೇ “ಯಸ್ ಮಿಸ್” ಅಂದು ಎದ್ದೆ. ಕೋಡುಬಳೆಯವರು ಡಬ್ಬಿಯ ಮುಚ್ಚಳ ಹಾಕಿದರು.

ಮೋಡ ಮತ್ತು ಬಸ್ಕಿ

ಮಿಸ್‌ಗೆ ಇಪ್ಪತ್ತೈದು ಇರಬಹುದು. ಪಿಸುಮಾತಿನಲ್ಲೇ ಪಾಠ. ಗೋಡೆಯ ಕಂಬಿ ಹಿಡಿದು, ಹಿಮ್ಮಡಿ ಕೂಡಿಸಿ, ಮಂಡಿ ಬಗ್ಗಿಸಿ ಏಳಬೇಕು. ಅದಕ್ಕೆ ಒಂದು ಫ್ರೆಂಚ್ ಹೆಸರಿದೆ. ನಾನು ನೋಡ್ತೀನಿ, ಅದು ಬಸ್ಕಿ ಕಣ್ರೀ! ಅಪ್ಪಟ ಬಸ್ಕಿ! ನಮ್ಮ ಸ್ಕೂಲಿನಲ್ಲಿ ಹತ್ತು ಬಸ್ಕಿ ಹೊಡೆಸಿದರೆ ತಾಯಂದಿರು ಹೆಡ್‌ಮಿಸ್ ಹತ್ತಿರ ಕಂಪ್ಲೇಂಟ್ ತರ್ತಾರೆ. ಇಲ್ಲಿ ಫೀಸು ಕಟ್ಟಿ ಹೊಡೆಸಿ, ಗಾಜಿನ ಬಾಗಿಲಿನಿಂದ ವಿಡಿಯೋ ಬೇರೆ ಮಾಡ್ತಿದ್ದರು.

ಬಸ್ಕಿಯಲ್ಲಿ ನನ್ನನ್ನ ಮೀರಿಸುವವರು ಇರಲಿಲ್ಲ. ತೊಂದರೆ ಆದದ್ದು ಆಮೇಲೆ. “ಎಲ್ಲರೂ ಮೋಡ ಆಗಿ” ಅಂದರು ಮಿಸ್. ಮಕ್ಕಳು ಹನ್ನೊಂದು ಜನ ತೇಲಿದರು. ನಾನೂ ಆದಷ್ಟು ಆದೆ.

ಮಿಸ್ ಹತ್ತಿರ ಬಂದು ಪಿಸುಗುಟ್ಟಿದರು: “ಸಾರ್, ಮೋಡ ಅಟೆನ್ಷನ್‌ನಲ್ಲಿ ನಿಲ್ಲಲ್ಲ.”

ತಂತಿಯ ಮೇಲಿನ ಗುಟ್ಟು

ಎರಡನೇ ದಿನದಿಂದ ಪಾದದವರೆಗೂ ಕಾಲಿಗಂಟುವ ಟೈಟ್ಸೇ ಹಾಕಬೇಕು ಅಂದರು. ನಾಲ್ಕನೇ ಬ್ಲಾಕಿನ ಅಂಗಡಿಯವನು “ಮಗಳಿಗೆ ಯಾವ ಸೈಜ್ ಸಾರ್?” ಅಂದ. ನನಗೇ ಅಂದೆ. ಅವನು ಬೆಲೆ ಹೇಳೋದನ್ನೂ ಮರೆತ.

ಕ್ಲಾಸು ಮುಗಿಸಿ ಬಂದು ಒಗೆದು ಮಹಡಿಯ ತಂತಿಗೆ ಹಾಕಿದೆ. ಬಾಡಿಗೆದಾರರೆಲ್ಲ ನೋಡಿದರು. ಅಕ್ಕ ತಲೆ ಚಚ್ಚಿಕೊಂಡಳು. “ನಿಂಗೇನೋ ಬಂತು ದೊಡ್ಡ ರೋಗ? ನಾಳೆ ನಾನು ಹಾಲಿಗೆ ಹೆಂಗೋ ಹೋಗ್ಲಿ?”

“ರೋಗ ಅಂತಲೇ ಹೇಳಿದ್ರಾಯ್ತು ಬಿಡೆ” ಅಂದರು ಭಾವ. ಕೆಳಗಿಳಿದು, ಬಾಮೈದನಿಗೆ ಕಾಲಿನ ನರ ಊದಿಕೊಂಡಿದೆ, ಜಯನಗರದ ಡಾಕ್ಟರು ಕೊಟ್ಟಿರೋ ಕಾಲುಚೀಲ ಅದು ಅಂತ ಸಾರಿ ಬಂದರು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ನಾಲ್ಕು ಜನ ಆಂಟಿಯರು ಸೀರೆ ಮಂಡಿಯವರೆಗೆ ಎತ್ತಿಕೊಂಡು ನಿಂತಿದ್ದಾರೆ. “ಅಣ್ಣ, ಆ ಡಾಕ್ಟರ್ ಅಡ್ರೆಸ್ ಕೊಡಿ.” ಭಾವ ಒಳಗಿನಿಂದಲೇ ಕೂಗಿದರು: “ಹುಣಸೆಮರ ಇತ್ತಲ್ಲ, ಅದರ ಎದುರಿಗೆ!”

ವಿಸಿಲ್ಲು

ಮೂರನೇ ದಿನ ತಂದೆತಾಯಿಗಳ ಮುಂದೆ ಪ್ರದರ್ಶನ. ಅದು ಮುಗಿದ ಮೇಲೆ ಸರ್ಟಿಫಿಕೇಟು. ನಾವು ಹನ್ನೆರಡು ಮೋಡಗಳು ಒಂಟಿ ಕಾಲಿನ ಮೇಲೆ ನಿಂತಿದ್ದಾಗ ಕರೆಂಟು ಹೋಯಿತು. ಹಾಡು ನಿಂತಿತು. ಮಿಸ್ ಬಾಯಿ ತೆರೆದರು, ಪಿಸುಮಾತು ಯಾರಿಗೂ ಕೇಳಲಿಲ್ಲ. ಮುಂದಿದ್ದ ಪುಟ್ಟ ಹುಡುಗಿಯ ತುಟಿ ಅಳೋಕೆ ತಯಾರಾಯಿತು.

ನನ್ನ ಕೈ ತಾನಾಗೇ, ಬ್ಯಾಲೆಗೂ ಬಿಚ್ಚಿಡದ ಕತ್ತಿನ ವಿಸಿಲ್ಲಿಗೆ ಹೋಯಿತು. ಊದಿದೆ. “ಏಕ್! ದೋ! ತೀನ್! ಚಾರ್!” ಮಕ್ಕಳು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಹಿಡಿದರು. ತೇಲಿದರು, ತಿರುಗಿದರು, ಬಾಗಿದರು. ಕೊನೆಗೆ “ವಿಶ್ರಾಮ್!” ಅಂದೆ. ಚಪ್ಪಾಳೆಯೋ ಚಪ್ಪಾಳೆ. ಮಿಸ್ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಒಬ್ಬ ತಂದೆ ಬಂದು, “ವಿಸಿಲ್ ಕಾನ್ಸೆಪ್ಟ್ ಸಖತ್ ಸಾರ್! ರಷ್ಯನ್ ಸ್ಟೈಲಾ?” ಅಂದ.

“ತಿಪಟೂರು” ಅಂದೆ.

ಖುಷಿಯಲ್ಲಿ ಸರ್ಟಿಫಿಕೇಟಿಗೆ ಕೈ ಚಾಚಿದೆ. ಕರೆಂಟಿಲ್ಲ, ಪ್ರಿಂಟರ್ ಓಡಲ್ಲ, ಆಮೇಲೆ ಮೇಲ್ ಮಾಡ್ತೀವಿ ಅಂದರು ಕೌಂಟರಿನಲ್ಲಿ. ಬರಿಗೈಯಲ್ಲಿ ರೈಲು ಹತ್ತಿದೆ.

ಹಾರ ಹಿಡಿದವನು

ಭಾನುವಾರ ಸ್ಟಾಫ್ ಗ್ರೂಪಿನಲ್ಲಿ ಸೆಕ್ರೆಟರಿ ಮೆಸೇಜು ಬಂತು: ‘ನಾಳೆ ಹತ್ತಕ್ಕೆ ಬೆಂಗಳೂರಿನ ಬ್ಯಾಲೆ ತಜ್ಞರು ಬರುತ್ತಿದ್ದಾರೆ. ಪಿ.ಟಿ. ಮೇಷ್ಟ್ರು ಬ್ಯಾಂಡು, ಹಾರ, ಮಕ್ಕಳ ಸಾಲು ನೋಡಿಕೊಳ್ಳುವುದು.’ ನನ್ನ ಸರ್ಟಿಫಿಕೇಟಿಗೆ ಕಾಯೋ ತಾಳ್ಮೆಯೂ ಇವರಿಗೆ ಇರಲಿಲ್ಲವಲ್ಲ. ಹೆಂಡತಿಗೆ ಹೇಳೋಕೆ ಧೈರ್ಯ ಬರಲಿಲ್ಲ.

ಸೋಮವಾರ ನನ್ನ ಜಾಗಕ್ಕೆ ಬರೋನಿಗೆ ನಾನೇ ಸಾಲು ನಿಲ್ಲಿಸಿದೆ. ಹತ್ತೂವರೆ ಆಯಿತು, ಹನ್ನೊಂದಾಯಿತು. ಪೇರೆಂಟ್ಸ್ ಎಲ್ಲ ಗೇಟಿನಲ್ಲಿ ಕಾಯ್ತಿದ್ದಾರೆ. ಸೆಕ್ರೆಟರಿ ರೇಗಿ ಜಯನಗರಕ್ಕೆ ಫೋನ್ ಹಾಕಿದರು. ಆ ಕಡೆಯ ಮಿಸ್ ಯಾವುದೋ ನಂಬರ್ ಕೊಟ್ಟರು. ಇವರು ಕನ್ನಡಕವಿಲ್ಲದೆ, ಸ್ಕ್ರೀನಿನಲ್ಲಿ ಯಾರ ಹೆಸರು ಬಂತು ಅಂತ ನೋಡದೆ ಒತ್ತಿದರು. ನನ್ನ ಜೇಬಿನಲ್ಲಿ ಫೋನ್ ಬಡಿಯಿತು. ಹಾರದ ತಟ್ಟೆ ಒಂದು ಕೈಯಲ್ಲಿ ಹಿಡಿದುಕೊಂಡೇ ಎತ್ತಿದೆ.

“ಎಲ್ರೀ ಇದ್ದೀರಾ?” ಅಂತ ಕಿರುಚಿದರು.

“ನಿಮ್ಮ ಹಿಂದೇನೇ ಸಾರ್.”

ಆದದ್ದು ಇಷ್ಟು. ಸೆಕ್ರೆಟರಿ ನನಗೆ ಗೊತ್ತಿಲ್ಲದ ಹಾಗೆ ಭಾನುವಾರ ಮಿಸ್‌ಗೆ ಫೋನ್ ಮಾಡಿ, ನಮ್ಮ ಶಾಲೆಗೆ ಒಬ್ಬರು ಒಳ್ಳೆಯವರು ಬೇಕು ಅಂದಿದ್ದರು. ಅವರು, “ಮೊನ್ನೆ ನಮ್ಮ ಪ್ರದರ್ಶನವನ್ನೇ ಉಳಿಸಿದವರಿದ್ದಾರೆ, ಸೋಮವಾರ ನಿಮ್ಮ ಶಾಲೆಗೇ ಬರ್ತಾರೆ, ಬಿಡಬೇಡಿ” ಅಂದಿದ್ದರು. ಇವರು ಹೆಸರು ಕೇಳದೆ ‘ಬೆಂಗಳೂರಿನ ಬ್ಯಾಲೆ ತಜ್ಞರಿಗೆ ಸ್ವಾಗತ’ ಅಂತ ಇನ್ನೊಂದು ಬ್ಯಾನರ್ ಬರೆಸಿದ್ದರು.

ಸೆಕ್ರೆಟರಿ ಬ್ಯಾನರ್ ನೋಡಿದರು, ಪೇರೆಂಟ್ಸ್ ಕಡೆ ನೋಡಿದರು, ನನ್ನನ್ನ ನೋಡಿದರು. ಆಮೇಲೆ ನನ್ನ ತಟ್ಟೆಯಿಂದಲೇ ಹಾರ ತೆಗೆದು ನನ್ನ ಕತ್ತಿಗೆ ಹಾಕಿದರು. ಬ್ಯಾಂಡು ಮೊಳಗಿತು. ಶಾಲು ಹೊದಿಸುವಾಗ ಕಿವಿಯ ಹತ್ತಿರ ಬಗ್ಗಿ ಹೇಳಿದರು: “ಕೆಲಸ ನಿಮ್ಮದೇ ಮೇಷ್ಟ್ರೇ. ಆದ್ರೆ ಬೆಂಗಳೂರಿನವರು ಅಂತ ಹೇಳ್ಬಿಟ್ಟಿದೀನಿ. ನಿಮ್ಮ ದಮ್ಮಯ್ಯ, ಕನ್ನಡದಲ್ಲಿ ಮಾತ್ರ ಮಾತಾಡ್ಬೇಡಿ.”